ಬೈಂಡ್ ಸರ್ವರ್‌ನಲ್ಲಿ ಡಿಎನ್‌ಎಸ್ ಸಂರಚನಾ ದೋಷಗಳು

ಡೊಮೈನ್ ಹೆಸರಿಗೆ ತಕ್ಕ ಐಪಿ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ನ ಕಡತಗಳಲ್ಲಿ ನುಸುಳುವ ತಪ್ಪುಗಳು. ಇವು ಇದ್ದಾಗ ಜಾಲಸಂಪರ್ಕ ಸರಿಯಿದ್ದರೂ ಜಾಲತಾಣ ತೆರೆಯದು, ಇಮೇಲ್ ತಲುಪದು.

ಹಿನ್ನೆಲೆ

ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಯುನಿಕ್ಸ್ ಗಣಕಗಳಿಗಾಗಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ತಂತ್ರಾಂಶ ಸಿದ್ಧವಾಯಿತು. ಬೈಂಡ್ 4 ಬಳಸುತ್ತಿದ್ದ ನೇಮ್ಡ್.ಬೂಟ್ ಎಂಬ ಸಂರಚನಾ ಕಡತದ ಬದಲು 1997ರ ಬೈಂಡ್ 8ರಲ್ಲಿ ನೇಮ್ಡ್.ಕಾನ್ಫ್ ಬಂದಿತು. ಬರವಣಿಗೆಯ ಕ್ರಮವೇ ಬೇರೆಯಾದ್ದರಿಂದ ಹಳೆಯ ಕಡತವನ್ನು ಹಾಗೆಯೇ ನಕಲು ಮಾಡಿದರೆ ಸರ್ವರ್ ಅದನ್ನು ಓದುವುದಿಲ್ಲ.

ಸಾಮಾನ್ಯ ದೋಷಗಳು

ಡೊಮೈನ್‌ನ ದಾಖಲೆಗಳಿರುವ ಝೋನ್ ಕಡತದಲ್ಲಿ ಪೂರ್ಣ ಹೆಸರಿನ ಕೊನೆಯ ಚುಕ್ಕೆ ಬಿಟ್ಟುಹೋಗುವುದು ಬಹಳ ಸಾಮಾನ್ಯ. ಆಗ ಡೊಮೈನ್ ಹೆಸರು ಎರಡು ಬಾರಿ ಸೇರಿ, ಮೇಲ್.ಎಕ್ಸಾಂಪಲ್.ಕಾಮ್ ಎಂಬುದು ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಆಗುತ್ತದೆ. ದಾಖಲೆ ತಿದ್ದಿದಾಗ ಸೀರಿಯಲ್ ಸಂಖ್ಯೆಯನ್ನು ಹೆಚ್ಚಿಸದಿದ್ದರೆ ದ್ವಿತೀಯ ಸರ್ವರ್ ಹಳೆಯ ಪ್ರತಿಯನ್ನೇ ಇಟ್ಟುಕೊಳ್ಳುತ್ತದೆ. ಸಿನೇಮ್ (ಇನ್ನೊಂದು ಹೆಸರನ್ನು ಸೂಚಿಸುವ ದಾಖಲೆ) ಇರುವ ಹೆಸರಿಗೆ ಎ (ಐಪಿ ವಿಳಾಸ) ಅಥವಾ ಎಂಎಕ್ಸ್ (ಇಮೇಲ್ ಸರ್ವರ್) ದಾಖಲೆಯನ್ನೂ ಕೊಡುವುದು ನಿಯಮಬಾಹಿರ.

ಹಳತಾದುದರಿಂದ ಬರುವ ತೊಂದರೆಗಳು

ಕಡತದಲ್ಲಿ ಯಾರೂ ಕೈಯಾಡಿಸದಿದ್ದರೂ ಸುತ್ತಲಿನ ಜಾಲ ಬದಲಾಗುತ್ತದೆ. ಡಿಎನ್‌ಎಸ್‌ನ ಮೇಲ್ತುದಿಯ ರೂಟ್ ಸರ್ವರ್‌ಗಳಲ್ಲಿ ಡಿ ರೂಟ್‌ನ ವಿಳಾಸ 2013ರಲ್ಲಿ, ಬಿ ರೂಟ್‌ನದು 2023ರಲ್ಲಿ ಬದಲಾದವು. ಈ ವಿಳಾಸಗಳನ್ನು ಪಟ್ಟಿಮಾಡುವ ರೂಟ್ ಹಿಂಟ್ಸ್ ಕಡತ ಇವಕ್ಕೆ ತಕ್ಕಂತೆ ಇರಬೇಕು. 2018ರ ಅಕ್ಟೋಬರ್ 11ರಂದು ರೂಟ್ ಝೋನ್‌ನ ಸಹಿ ಕೀಲಿ ಬದಲಾದ ಮೇಲೆ, ಹಳೆಯ ಕೀಲಿಯನ್ನಷ್ಟೇ ನಂಬಿ ಡಿಎನ್‌ಎಸ್‌ಸೆಕ್ ಸಹಿಗಳನ್ನು ಪರಿಶೀಲಿಸುವ ಸರ್ವರ್‌ಗಳು ಉತ್ತರಗಳನ್ನು ತಿರಸ್ಕರಿಸುತ್ತವೆ. ಉತ್ತರಗಳು ದೊಡ್ಡದಾದರೂ ತೊಂದರೆಯಿದೆ: ಮೂಲ ನಿಯಮದ ಪ್ರಕಾರ ಯುಡಿಪಿ ಉತ್ತರದ ಮಿತಿ 512 ಬೈಟ್. ಅದನ್ನು ಮೀರಿದ ಉತ್ತರಕ್ಕೆ ಟಿಸಿಪಿ ಬೇಕಾಗಬಹುದು. ಫೈರ್‌ವಾಲ್ 53ನೆಯ ಪೋರ್ಟ್‌ನಲ್ಲಿ ಯುಡಿಪಿಯನ್ನು ಮಾತ್ರ ಬಿಟ್ಟರೆ ದೊಡ್ಡ ಉತ್ತರಗಳು ತಲುಪದಿರಬಹುದು.

ಪತ್ತೆ ಮತ್ತು ಪರಿಹಾರ

1. ಸರ್ವರ್‌ನ ಲಾಗ್ ಓದಬೇಕು. ದೋಷವಿರುವ ಸಾಲಿನ ಸಂಖ್ಯೆ ಅಲ್ಲೇ ಸಿಗುವುದುಂಟು.
2. ಬೈಂಡ್ 9 ಇದ್ದರೆ ನೇಮ್ಡ್-ಚೆಕ್‌ಕಾನ್ಫ್, ನೇಮ್ಡ್-ಚೆಕ್‌ಝೋನ್ ಆದೇಶಗಳಿಂದ ಕಡತಗಳನ್ನು ಪರೀಕ್ಷಿಸಬೇಕು.
3. ಡಿಗ್ ಆದೇಶದಿಂದ ಅದೇ ಸರ್ವರ್‌ಗೆ ನೇರ ಪ್ರಶ್ನೆ ಕಳಿಸಬೇಕು. ಸರ್ವ್‌ಫೇಲ್ ಬಂದರೆ ಝೋನ್ ಲೋಡ್ ಆಗಿಲ್ಲದಿರಬಹುದು. ಎನ್‌ಎಕ್ಸ್‌ಡೊಮೈನ್ ಎಂದರೆ ಆ ಹೆಸರಿಲ್ಲ. ಉತ್ತರವೇ ಬಾರದಿದ್ದರೆ ಫೈರ್‌ವಾಲ್ ನೋಡಬೇಕು.
4. ಮೇಲಿನ ಡೊಮೈನ್‌ನಲ್ಲಿರುವ ಎನ್‌ಎಸ್ (ನೇಮ್ ಸರ್ವರ್) ದಾಖಲೆಗಳು ಸ್ವಂತ ಝೋನ್‌ನವುಗಳೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು.

ತಿದ್ದುವ ಮುನ್ನ ಕಡತದ ಪ್ರತಿ ತೆಗೆದಿಡಬೇಕು. ತಿದ್ದಿದ ಮೇಲೂ ಹೊರಗಿನ ಸರ್ವರ್‌ಗಳ ಕ್ಯಾಶೆಯಲ್ಲಿರುವ ಹಳೆಯ ಉತ್ತರ ಟಿಟಿಎಲ್ ಅವಧಿ ಮುಗಿಯುವವರೆಗೆ ಉಳಿಯುತ್ತದೆ. ಬೈಂಡ್ 4 ಮತ್ತು 8ಕ್ಕೆ ಈಗ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಅಂಥ ಸರ್ವರ್‌ಗಳನ್ನು ಬೈಂಡ್ 9ರ ಚಾಲ್ತಿ ಆವೃತ್ತಿಗೆ ಏರಿಸುವುದೇ ಶಾಶ್ವತ ಪರಿಹಾರ.