ಅಂಗಳವಿಲ್ಲದ ಮಸೀದಿ

ಮಸೀದಿ ಎಂದೊಡನೆ ಕಣ್ಣ ಮುಂದೆ ಬರುವುದು ಒಂದು ದೊಡ್ಡ ಗುಮ್ಮಟ, ಎರಡೋ ನಾಲ್ಕೋ ಮಿನಾರು, ಎದುರಿಗೊಂದು ವಿಶಾಲವಾದ ಅಂಗಳ. ಬೆಂಗಳೂರಿನ ಅರೆಕೆರೆಯಂಥ ಬಡಾವಣೆಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಂಗಳದ ಬದಲಿಗೆ ಮಹಡಿಯ ಮೇಲೆ ಮಹಡಿ ಏರಿಸುವುದು ನಗರದ ಇಕ್ಕಟ್ಟಿನಲ್ಲಿ ಅನಿವಾರ್ಯ. ಆದರೆ ಜಾಗಕ್ಕೇನೂ ಬರವಿಲ್ಲದ ಕಾಲದಲ್ಲಿ, ರಾಜಧಾನಿಯೊಂದರ ಕೋಟೆಯ ನಡುವೆ, ಅಂಗಳವೂ ಇಲ್ಲದ, ಮಿನಾರೂ ಇಲ್ಲದ ಮಸೀದಿಯೊಂದನ್ನು ಕಟ್ಟಿದವರಿದ್ದಾರೆ. ಅದು ಕಲಬುರಗಿಯ ಜಾಮಿ ಮಸೀದಿ.

ದೂರದಿಂದ ನೋಡುವವರಿಗೆ ಇದು ಅಷ್ಟೇನೂ ಬೆರಗು ಹುಟ್ಟಿಸುವುದಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಆಯತಾಕಾರದ ಕಟ್ಟಡ. ಮೇಲೆ ಬೋರಲು ಹಾಕಿದ ಬೋಗುಣಿಗಳಂತೆ ಸಾಲುಸಾಲಾಗಿ ಚಿಕ್ಕ ಗುಮ್ಮಟಗಳು. ನಾಲ್ಕು ಮೂಲೆಗಳಲ್ಲಿ ತುಸು ದೊಡ್ಡವು. ಪಶ್ಚಿಮದಲ್ಲಿ, ಮೆಹ್ರಾಬಿನ ಎದುರಿಗೆ, ಎಲ್ಲವನ್ನೂ ಮೀರಿ ನಿಂತ ಒಂದು ಹಿರಿಯ ಗುಮ್ಮಟ. ಒಳಗೆ ಕಾಲಿಟ್ಟ ಮೇಲೆಯೇ ಇದರ ಗತ್ತು ತಿಳಿಯುವುದು. ಉತ್ತರ, ದಕ್ಷಿಣ ಮತ್ತು ಪೂರ್ವದ ಪಡಸಾಲೆಗಳ ಕಮಾನುಗಳು ನೆಲಕ್ಕೆ ಸಮೀಪದಿಂದಲೇ ಹೊರಟು ಅಗಲವಾಗಿ ಬಾಗಿಕೊಂಡಿವೆ. ನಡುವಣ ಭಾಗದಲ್ಲಿ ದಪ್ಪ ಕಂಬಗಳ ಸಾಲುಗಳು; ಯಾವ ಕಡೆ ತಿರುಗಿದರೂ ಕಮಾನಿನೊಳಗೆ ಕಮಾನು ಕಾಣುತ್ತ ಹೋಗುತ್ತದೆ. ಕೆತ್ತನೆಯ ಆಡಂಬರ ಕಡಿಮೆ, ಬಿಳಿಯ ಗಾರೆಯೇ ಅಲಂಕಾರ. ಬೆಳಕು ಬರುವುದು ಮೇಲಿನಿಂದಲ್ಲ, ಬದಿಗಳ ತೆರೆದ ಕಮಾನುಗಳಿಂದ. ಹೀಗಾಗಿ ಹೊರಗೆ ಸುಡುಬಿಸಿಲಿದ್ದಾಗಲೂ ಒಳಗೆ ನೆರಳಿನ ಒಂದು ಹದವಿರುತ್ತದೆ. ಬೇಸಿಗೆಯಲ್ಲಿ ಕಲಬುರಗಿ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಶಾಸನದಲ್ಲಿ ಹಿಜರಿ 769, ಅಂದರೆ ಕ್ರಿ.ಶ. 1367ರ ಕಾಲನಿರ್ದೇಶವಿದೆ. ಬಹಮನಿ ರಾಜ್ಯ ಸ್ಥಾಪನೆಯಾಗಿ ಆಗ ಕೇವಲ ಇಪ್ಪತ್ತು ವರ್ಷ. ಆಳುತ್ತಿದ್ದವನು ಒಂದನೆಯ ಮಹಮ್ಮದ್ ಷಾ. ನಿರ್ಮಾಪಕನ ಹೆಸರೂ ಅದರಲ್ಲಿದೆ: ಇರಾನಿನ ಕಜ್ವೀನ್ ಪಟ್ಟಣದ ಮನ್ಸೂರನ ಮೊಮ್ಮಗ, ಶಂಸನ ಮಗ ರಫಿ. ನಮ್ಮ ಎಷ್ಟೋ ಹಳೆಯ ಕಟ್ಟಡಗಳ ಕರ್ತೃಗಳ ಹೆಸರೇ ಉಳಿದಿಲ್ಲ ಎಂಬುದನ್ನು ನೆನೆದರೆ ಇದು ಭಾಗ್ಯವೇ ಸರಿ.

ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ತನ್ನ ವಾಸ್ತುಶಿಲ್ಪ ಚರಿತ್ರೆಯಲ್ಲಿ, ಭಾರತದ ದೊಡ್ಡ ಮಸೀದಿಗಳ ಪೈಕಿ ಪೂರ್ತಿಯಾಗಿ ಮಾಡು ಹೊದ್ದದ್ದು ಇದೊಂದೇ ಎಂದು ಗುರುತಿಸಿದ. ಸ್ಪೇನಿನ ಕಾರ್ಡೋಬಾ ಮಸೀದಿಯೊಡನೆ ಹೋಲಿಕೆ ಆ ಕಾಲದಿಂದಲೂ ಬೆಳೆದುಬಂದಿದೆ. ಈಗಂತೂ ‘ಕಾರ್ಡೋಬಾದ ಮಾದರಿಯಲ್ಲಿ ಕಟ್ಟಿದ್ದು’ ಎಂದೇ ಪ್ರವಾಸಿಗರಿಗೆ ಹೇಳುವುದು ರೂಢಿ. ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಬೇಕು. 8ನೇ ಶತಮಾನದಲ್ಲಿ ಆರಂಭವಾದ ಕಾರ್ಡೋಬಾ ಮಸೀದಿಯಲ್ಲಿ ಇರುವುದು ತೆಳುವಾದ ಕಲ್ಲಿನ ಕಂಬಗಳು, ಒಂದರ ಮೇಲೊಂದರಂತೆ ಎರಡು ಅಂತಸ್ತಿನ ಕೆಂಪು-ಬಿಳಿ ಪಟ್ಟೆಗಳ ಕಮಾನುಗಳು, ಮೇಲೆ ಮರದ ಮಾಡು. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಕಿತ್ತಳೆ ಗಿಡಗಳ ದೊಡ್ಡದೊಂದು ಅಂಗಳವೇ ಇದೆ! ಅಂಗಳವಿಲ್ಲದ್ದೇ ಕಲಬುರಗಿಯ ವಿಶೇಷವಾಗಿರುವಾಗ ಹೋಲಿಕೆ ನಿಲ್ಲುವುದಾದರೂ ಹೇಗೆ? ಮೇಲಾಗಿ 1236ರಲ್ಲೇ ಅದು ಕ್ರೈಸ್ತರ ಇಗರ್ಜಿಯಾಗಿತ್ತು.

ನಂಟು ಹುಡುಕುವುದಾದರೆ ದೆಹಲಿಯತ್ತ ನೋಡುವುದು ಲೇಸು. ಬಹಮನಿ ರಾಜ್ಯವನ್ನು ಕಟ್ಟಿದವರು ತುಘಲಕರ ವಿರುದ್ಧ ದಂಗೆಯೆದ್ದ ದಖನ್ನಿನ ಸರದಾರರು. ಅದೇ ಶತಮಾನದಲ್ಲಿ ದೆಹಲಿಯಲ್ಲಿ ಎದ್ದ ಖಿಡ್ಕಿ ಮಸೀದಿಯಲ್ಲಿ ಬಹುಭಾಗಕ್ಕೆ ಮಾಡಿದ್ದು, ಬೆಳಕಿಗಾಗಿ ನಾಲ್ಕು ಚಿಕ್ಕ ಅಂಗಳಗಳನ್ನು ಮಾತ್ರ ಬಿಡಲಾಗಿದೆ. ಅತ್ತ ತುರ್ಕಿಯ ಬುರ್ಸಾದಲ್ಲಿ 14ನೇ ಶತಮಾನದ ಕೊನೆಯಲ್ಲಿ ಇಪ್ಪತ್ತು ಗುಮ್ಮಟಗಳ ಮಸೀದಿ ತಲೆಯೆತ್ತಿತು. ಅಲ್ಲಿ ಚಳಿಗೆ ಮಾಡು, ಇಲ್ಲಿ ಬಿಸಿಲಿಗೆ ಮಾಡು ಎನ್ನೋಣವೇ? ಆದರೆ ಬಿಸಿಲೊಂದೇ ಕಾರಣವಾಗಿದ್ದರೆ ವಿಜಯಪುರದಲ್ಲಿ ಒಂದನೆಯ ಅಲಿ ಆದಿಲ್‌ಷಾ ಕಟ್ಟಿಸಿದ ಜಾಮಿ ಮಸೀದಿಗೆ ಅಷ್ಟು ದೊಡ್ಡ ಅಂಗಳ ಇರುತ್ತಿರಲಿಲ್ಲ. ಕಲಬುರಗಿಯಲ್ಲೇ ಇರುವ ಶಾಹ್ ಬಜಾರ್ ಮಸೀದಿಗೂ ಅಂಗಳವಿದೆ. ಅದೂ ಮಹಮ್ಮದ್ ಷಾನ ಕಾಲದ್ದೆನ್ನುತ್ತಾರೆ. ಒಂದೇ ಊರು, ಒಂದೇ ದೊರೆ. ಹಾಗಿದ್ದರೂ ಕಟ್ಟಡಗಳಲ್ಲಿ ಇಷ್ಟು ಅಂತರವೇಕೆ?

ಈ ತೊಡಕಿಗೆ ದಖನ್ನಿನ ವಾಸ್ತುಶಿಲ್ಪದ ವಿದ್ವಾಂಸೆ ಹೆಲೆನ್ ಫಿಲೋನ್ 2014ರಲ್ಲಿ ಅಚ್ಚಾದ ಲೇಖನವೊಂದರಲ್ಲಿ ಬೇರೆಯೇ ಉತ್ತರ ಕೊಟ್ಟಿದ್ದಾರೆ. ಅವರ ಪ್ರಕಾರ ಇದು ಫಿರೋಜ್ ಷಾ ಬಹಮನಿಯ (1397-1422) ‘ಹಜಾರ್ ಸುತೂನ್’, ಅಂದರೆ ಸಾವಿರ ಕಂಬಗಳ ಸಭಾಮಂಟಪ. ಈ ಮಾತನ್ನು ಒಪ್ಪಿದರೆ ಮೂರು ಕಡೆ ತೆರೆದ ಕಮಾನುಗಳಿಗೂ ಮಿನಾರಿನ ಗೈರುಹಾಜರಿಗೂ ಕಾರಣ ಸಿಕ್ಕಂತಾಗುತ್ತದೆ. ಆದರೆ ಆಗ 1367ರ ಶಾಸನ ಈ ಕಟ್ಟಡದ್ದಲ್ಲವೆಂದೂ, ಹಾಗಾಗಿ ರಫಿ ಕಟ್ಟಿದ್ದು ಇದನ್ನಲ್ಲವೆಂದೂ ಹೇಳಬೇಕಾಗುತ್ತದೆ. ಪಶ್ಚಿಮದ ಗೋಡೆಯ ಮೆಹ್ರಾಬಿಗೂ ಅದರ ಎದುರಿನ ಹಿರಿಯ ಗುಮ್ಮಟಕ್ಕೂ ಸಮಾಧಾನ ಹುಡುಕಬೇಕಾಗುತ್ತದೆ. ಅರಮನೆಯ ಸಭಾಂಗಣದಲ್ಲಿ ಪ್ರಾರ್ಥನೆಯೂ ನಡೆಯುತ್ತಿತ್ತೆಂದು ವಾದಿಸಬಹುದು. ಆದರೂ ಕಣ್ಣೆದುರಿನ ಶಾಸನವನ್ನು ಬದಿಗಿಡಲು ಇನ್ನಷ್ಟು ಬಲವಾದ ಆಧಾರ ಬೇಕು. ಸದ್ಯಕ್ಕೆ ಕೈಪಿಡಿಗಳೆಲ್ಲ 1367ನ್ನೇ ಹಿಡಿದು ನಡೆಯುತ್ತಿವೆ.

ಯಾರೇ ಕಟ್ಟಿರಲಿ, ದಖನ್ನಿನಲ್ಲಿ ಮತ್ತೆ ಇಷ್ಟು ದೊಡ್ಡದಾಗಿ ಈ ಮಾದರಿಯನ್ನು ಯಾರೂ ಮುಟ್ಟಲಿಲ್ಲ. 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಹೋದದ್ದು ಒಂದು ಕಾರಣವಿರಬಹುದು. ಇನ್ನೊಂದು ಕಾರಣ ತೀರ ಮನೆವಾರ್ತೆಯದು. ಗುಮ್ಮಟ ಗುಮ್ಮಟದ ನಡುವೆ ಒಂದೊಂದು ತಗ್ಗು, ಆ ತಗ್ಗಿನಲ್ಲಿ ಮಳೆನೀರು. ಎಲ್ಲೋ ಒಂದು ಕಂಬ ಕೂದಲೆಳೆಯಷ್ಟು ಕುಸಿದರೂ ಬಿರುಕು, ಬಿರುಕಿನಿಂದ ಸೋರಿಕೆ. ಮಾಳಿಗೆ ಮನೆಯಲ್ಲಿ ಬೆಳೆದ ಕಲಬುರಗಿಯ ಯಾರನ್ನು ಕೇಳಿದರೂ ಮಳೆಗಾಲಕ್ಕೆ ಮುಂಚಿನ ಆ ಪಡಿಪಾಟಲನ್ನು ವಿವರಿಸಿಯಾರು. ಇಲ್ಲಿಯಾದರೋ ಅಂಥ ತಗ್ಗುಗಳು ಹತ್ತಾರು, ನೋಡಿಕೊಳ್ಳಬೇಕಾದ ಮಾಡು ಸುಮಾರು 38,000 ಚದರಡಿ.