ಮೈಕಿನ ಮುಂದಿನ ಮಕ್ಕಳು

“ಮಕ್ಕಳ ಕೈಲಿ ಡಿಕ್ಷನರಿ ಉರು ಹೊಡೆಸ್ತೀರಂತಲ್ಲೇ, ಪಾಪ ಅನ್ಸಲ್ವಾ?” ಎಂದು ಹಾಸನದಿಂದ ಅಕ್ಕ ಫೋನಿನಲ್ಲಿ ಗದರುತ್ತಾಳೆ. ಸ್ಪೆಲ್ಲಿಂಗ್ ಬೀ, ಅಂದರೆ ಕೊಟ್ಟ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳುವ ಸ್ಪರ್ಧೆ, ಭಾರತೀಯ ತಂದೆತಾಯಿಗಳು ಅಮೆರಿಕಕ್ಕೆ ಹೊತ್ತುಕೊಂಡು ಬಂದ ಪರೀಕ್ಷೆಯ ಹುಚ್ಚು ಎಂದು ಊರಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಆದರೆ ನಮ್ಮವರು ಇಲ್ಲಿ ಕಾಲಿಡುವ ಎಷ್ಟೋ ಮೊದಲೇ ಇದು ಈ ನಾಡಿನ ಹಳ್ಳಿಗಳ ಸಂಜೆಯ ಕೂಟವಾಗಿತ್ತು.

ನೋವಾ ವೆಬ್‌ಸ್ಟರ್ 1783ರಲ್ಲಿ ಸ್ಪೆಲ್ಲಿಂಗ್ ಕಲಿಸುವ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ನೀಲಿ ರಟ್ಟಿನ ಆ ಪುಸ್ತಕ ಹಳ್ಳಿಹಳ್ಳಿಯ ಶಾಲೆಗಳನ್ನು ಹೊಕ್ಕಿತು. ಹಗಲು ಮಕ್ಕಳು ಕೂತು ಕಲಿತ ಕೋಣೆಯಲ್ಲೇ ಸಂಜೆ ದೀಪ ಹಚ್ಚಿ ಊರವರು ಸೇರುತ್ತಿದ್ದರು. ಎರಡು ಪಂಗಡ, ತಪ್ಪಿದವರು ಕೂರಬೇಕು, ಕೊನೆಯವರೆಗೆ ನಿಂತವರು ಗೆದ್ದ ಹಾಗೆ. ಎಡ್ವರ್ಡ್ ಎಗಲ್ಸ್‌ಟನ್ 1871ರ ತನ್ನ ಕಾದಂಬರಿಯಲ್ಲಿ ಇಂಥದೊಂದು ಸಂಜೆಯನ್ನು ಬರೆದ. ಆ ದಶಕದಲ್ಲಿ ಪಟ್ಟಣಗಳಿಗೂ ಇದರ ಗೀಳು ಹತ್ತಿತು.

ಹಾಸನದ ನನ್ನ ಶಾಲೆಯಲ್ಲಿ ಇದ್ದದ್ದು ಉಕ್ತಲೇಖನ. ಮೇಷ್ಟ್ರು ಹೇಳಿದ್ದನ್ನು ಸ್ಲೇಟಿನ ಮೇಲೆ ಬಳಪದಲ್ಲಿ ಬರೆಯುತ್ತಿದ್ದೆವು. ಮಹಾಪ್ರಾಣ ಬಿಟ್ಟುಹೋಯಿತೆಂದು ಅನುಮಾನ ಬಂದರೆ ಒರೆಸಿ ತಿದ್ದುವುದಕ್ಕೆ ಅವಕಾಶವಿತ್ತು. ಇಲ್ಲಿ ಮಗು ಮೈಕಿನ ಮುಂದೆ ನಿಂತು ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳಬೇಕು. ಮೊದಲಿನಿಂದ ಮತ್ತೆ ಹೇಳಬಹುದು, ಆದರೆ ಒಮ್ಮೆ ಹೇಳಿದ ಅಕ್ಷರವನ್ನು ಬದಲಿಸುವ ಹಾಗಿಲ್ಲ. ಮಕ್ಕಳ ಕೈಕಾಲು ನಡುಗಿಸುವುದು ಈ ನಿಯಮವೇ. 2004ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅಕ್ಷಯ್ ಬುದ್ದಿಗ ಎಂಬ ಹುಡುಗ ತನ್ನ ಪದ ಕೇಳಿದ ಮೇಲೆ ವೇದಿಕೆಯಲ್ಲೇ ತಲೆಸುತ್ತಿ ಬಿದ್ದ. ನೋಡುತ್ತಿದ್ದವರು ಗಾಬರಿಯಾಗುವಷ್ಟರಲ್ಲಿ ಎದ್ದು ನಿಂತು, ಒಂದಕ್ಷರ ತಪ್ಪದೆ ಆ ಪದವನ್ನು ಹೇಳಿ ಮುಗಿಸಿದ! ಆ ವರ್ಷ ಅವನಿಗೆ ಎರಡನೇ ಸ್ಥಾನ ಬಂತು.

ನಾನೀಗ ಇರುವ ಒಹಾಯೊದಲ್ಲಿ ಈ ಸ್ಪರ್ಧೆಯ ಬೇರು ಆಳವಾಗಿದೆ. 1908ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಬೇರೆ ಬೇರೆ ನಗರಗಳ ಶಾಲಾ ತಂಡಗಳು ಸೇರಿದಾಗ ಮರೀ ಬೋಲ್ಡನ್ ಎಂಬ ಹದಿನಾಲ್ಕರ ಕಪ್ಪು ಹುಡುಗಿ ಒಂದೂ ತಪ್ಪು ಮಾಡದೆ ತನ್ನ ಊರಿನ ತಂಡವನ್ನು ಗೆಲ್ಲಿಸಿದಳು. ಅವಳ ತಂದೆ ಅಂಚೆ ಹಂಚುವವರು. ಅವಳಿರುವ ತಂಡದೆದುರು ಸ್ಪರ್ಧಿಸುವುದಕ್ಕೇ ನ್ಯೂ ಆರ್ಲಿಯನ್ಸ್‌ನವರು ತಕರಾರು ತೆಗೆದಿದ್ದರು.

ರಾಷ್ಟ್ರೀಯ ಸ್ಪರ್ಧೆ ಶುರುವಾದದ್ದು 1925ರಲ್ಲಿ, ಲೂಯಿವಿಲ್‌ನ ಪತ್ರಿಕೆಯೊಂದರ ಮುಂದಾಳುತನದಲ್ಲಿ. ಒಂಬತ್ತೇ ಮಕ್ಕಳು. ಫ್ರಾಂಕ್ ನ್ಯೂಹೌಸರ್ ಎಂಬ ಹನ್ನೊಂದರ ಹುಡುಗ ಗ್ಲಾಡಿಯೋಲಸ್ ಎಂಬ ಹೂವಿನ ಹೆಸರನ್ನು ಸರಿಯಾಗಿ ಹೇಳಿ ಗೆದ್ದ. ಹನ್ನೊಂದು ವರ್ಷ ಕಳೆದು, 1936ರಲ್ಲಿ, ನಮ್ಮ ಪಕ್ಕದ ಆಕ್ರನ್ ಊರಿನಿಂದ ಮ್ಯಾಕ್‌ನೋಲಿಯಾ ಕಾಕ್ಸ್ ವಾಷಿಂಗ್ಟನ್ನಿಗೆ ಹೊರಟಳು. ಅವಳಿಗೆ ಹದಿಮೂರು. ಅವಳೂ ನ್ಯೂಜೆರ್ಸಿಯ ಎಲಿಜಬೆತ್ ಕೆನ್ನಿಯೂ ಅಂತಿಮ ಸುತ್ತಿಗೆ ಬಂದ ಮೊದಲ ಕಪ್ಪು ಮಕ್ಕಳು. ರೈಲು ಮೇರಿಲ್ಯಾಂಡ್ ಮುಟ್ಟಿದಾಗ ಮ್ಯಾಕ್‌ನೋಲಿಯಾ ಕಪ್ಪು ಜನರ ಬೋಗಿಗೆ ಹೋಗಿ ಕೂರಬೇಕಾಯಿತು. ಉಳಿದ ಮಕ್ಕಳು ಇಳಿದುಕೊಂಡ ಹೋಟೆಲಿನಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಕಪ್ಪು ವೈದ್ಯರೊಬ್ಬರು ಮನೆಗೆ ಕರೆದು ಉಳಿಸಿಕೊಂಡರು. ಔತಣದಲ್ಲೂ ಬೇರೆ ಮೇಜು. ಇಷ್ಟೆಲ್ಲ ಆದಮೇಲೂ ಆ ಹುಡುಗಿ ಕೊನೆಯ ಐವರಲ್ಲಿ ಒಬ್ಬಳಾಗಿ ನಿಂತಳು. ಆಗ ಅವಳಿಗೆ ಕೊಟ್ಟ ಪದ ನೆಮೆಸಿಸ್. ಅದು ಗ್ರೀಕ್ ದೇವತೆಯ ಹೆಸರು, ಅಂಕಿತನಾಮ ಕೊಡಬಾರದು ಎಂದು ಜೊತೆಗೆ ಬಂದವರು ವಾದಿಸಿದರು. ತೀರ್ಪುಗಾರರು ಒಪ್ಪಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೈಕಿನ ಮುಂದೆ ನಿಲ್ಲುವ ಯಾವ ಮಗುವಿಗೂ ಸಾಕಷ್ಟು ಭಯವನ್ನು ಪದವೇ ಕೊಡುತ್ತದೆ. ಅದರ ಮೇಲೆ ಇದನ್ನೂ ಹೊರಿಸಬೇಕಿತ್ತೇ?

ನಮ್ಮವರ ಕಾಲ ಬಂದದ್ದು 1985ರಲ್ಲಿ, ಬಾಲು ನಟರಾಜನ್ ಗೆದ್ದಾಗ. ಭಾರತದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಲೆಂದು 1989ರಲ್ಲಿ ಹುಟ್ಟಿದ ನಾರ್ತ್ ಸೌತ್ ಫೌಂಡೇಶನ್ ಆಮೇಲೆ ಇಲ್ಲಿನ ನಮ್ಮ ಮಕ್ಕಳಿಗಾಗಿ ಊರೂರಲ್ಲಿ ಸ್ಪರ್ಧೆ ನಡೆಸತೊಡಗಿತು. ಕಾನ್ಸಾಸ್‌ನ ಕಾವ್ಯಾ ಶಿವಶಂಕರ್ 2009ರಲ್ಲಿ ಗೆದ್ದಳು, ತಂಗಿ ವನ್ಯಾ 2015ರಲ್ಲಿ. 2014ರಲ್ಲಿ ಶ್ರೀರಾಮ್ ಹತ್ವಾರ್, 2016ರಲ್ಲಿ ಅವನ ತಮ್ಮ ಜೈರಾಮ್. ಹತ್ವಾರ್ ಎಂಬ ಹೆಸರು ಟಿವಿಯಲ್ಲಿ ಕೇಳಿದ ದಿನ ನಮ್ಮ ಮನೆಯಲ್ಲಿ ಅಡುಗೆ ಒಲೆಯ ಮೇಲೇ ಉಳಿಯಿತು.

ನನಗೆ ಇಷ್ಟವಾದದ್ದು ಗೆಲುವಿಗಿಂತ ಆ ವರ್ಷಗಳ ಹಂಚಿಕೆ. 1962ರ ನಂತರ ಮೊದಲ ಸಲ, 2014ರಲ್ಲಿ, ಇಬ್ಬರು ಒಂದೇ ಕಪ್ಪನ್ನು ಎತ್ತಿದರು. ಮುಂದಿನ ಎರಡು ವರ್ಷವೂ ಹಾಗೇ ಆಯಿತು. 2019ರಲ್ಲಂತೂ ಎಂಟು ಮಕ್ಕಳು ಗೆದ್ದರು. ಒಬ್ಬರು ಸರಿ ಹೇಳಿದರೆ ಇನ್ನೊಬ್ಬರ ಅಂಕವೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಪಕ್ಕದ ಕುರ್ಚಿಯ ಮಗು ವೈರಿಯಾಗಬೇಕಿಲ್ಲ.

ಇದನ್ನು ನಾನು ಮಗಳ ಶಾಲೆಯಲ್ಲಿ ಕಂಡೆ. ಅವಳೂ ಪಕ್ಕದ ಬೀದಿಯ ಗೆಳತಿಯೂ ಚಳಿಗಾಲ ಪೂರ್ತಿ ನಮ್ಮ ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು, ಒಬ್ಬಳು ಪದ ಕೊಟ್ಟರೆ ಇನ್ನೊಬ್ಬಳು ಅರ್ಥ ಕೇಳಿ, ಯಾವ ಭಾಷೆಯಿಂದ ಬಂತೆಂದು ಕೇಳಿ, ಅಂಗೈಯಲ್ಲಿ ಬೆರಳಿನಿಂದ ಬರೆದು ಹೇಳುತ್ತಿದ್ದರು. ಸ್ಪರ್ಧೆಯ ಬೆಳಿಗ್ಗೆ ಮಗಳು ಉಪ್ಪಿಟ್ಟು ಮುಟ್ಟಲಿಲ್ಲ. ಗೆಳತಿ ಮೂರನೇ ಸುತ್ತಿನಲ್ಲಿ ತಪ್ಪಿ ಕೆಳಗಿಳಿದಳು. ಮಗಳ ಮುಖ ಬಿಳಿಚಿಕೊಂಡಿತು. ಇಳಿದವಳು ಅಳುತ್ತಾ ಮನೆಗೆ ಹೊರಡುತ್ತಾಳೆಂದುಕೊಂಡೆ. ಮುಂದಿನ ಸಾಲಿನಲ್ಲಿ ಬಂದು ಕೂತಳು, ಮಗಳಿಗೆ ಕೊಟ್ಟ ಒಂದೊಂದು ಪದವನ್ನೂ ತಲೆ ಬಗ್ಗಿಸಿಕೊಂಡು ತನ್ನ ಅಂಗೈಯಲ್ಲಿ ಬರೆಯತೊಡಗಿದಳು. ಮಗಳು ಜಿಲ್ಲಾ ಸುತ್ತಿಗೆ ಆಯ್ಕೆಯಾದಳು. ಈಗ ಪಟ್ಟಿ ಗೆಳತಿಯ ಕೈಯಲ್ಲೇ ಇದೆ. ಗ್ರೀಕ್ ಮೂಲದ ಪದಗಳನ್ನು ಮೊದಲು ಮುಗಿಸಬೇಕೆಂದು ಅವಳು, ಫ್ರೆಂಚ್ ಮೊದಲೆಂದು ಇವಳು, ದಿನಾ ಸಂಜೆ ಜಗಳ.