ಹಾರ್ವರ್ಡಿನ ಹಳೇ ಆಟಗಾರರ ಲೆಕ್ಕ (ನರ್ಸ್ ಪೋಸ್ಟ್ – 11)

ಹೋದ ಸಲ ಬಿಪಿ ಮಾತ್ರೆ ಬಗ್ಗೆ ಬರೆದಿದ್ದೆ. ಇವತ್ತು ಮಾತ್ರೆ ಇಲ್ಲ, ಸ್ವಲ್ಪ ಇತಿಹಾಸ.

ಕಥೆ ಶುರುವಾಗೋದು ನಾನಿರೋ ಈ ಇಂಗ್ಲೆಂಡಿನಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆರ್ರಿ ಮಾರಿಸ್ ಅನ್ನೋ ಡಾಕ್ಟರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರ ಆರೋಗ್ಯದ ಲೆಕ್ಕ ತೆಗೆದ್ರು. ಡ್ರೈವರ್ ದಿನವಿಡೀ ಕೂತಿರ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ 500ಕ್ಕಿಂತ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಅದೇ ಬಸ್ಸು, ಅದೇ ಊರು, ಆದ್ರೆ ಹಾರ್ಟ್ ಅಟ್ಯಾಕ್ ಡ್ರೈವರ್‌ಗಳಿಗೇ ಹೆಚ್ಚು. 1953ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಆದ್ರೆ ಒಂದು ಅನುಮಾನ ಉಳೀತು. ಮೊದಲೇ ದಪ್ಪಗಿದ್ದೋರು ಡ್ರೈವರ್ ಕೆಲಸಕ್ಕೆ ಸೇರಿದ್ರಾ? ಮಾರಿಸ್ ಅವರ ತಂಡ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆ ನೋಡಿದ್ರೆ, ಡ್ರೈವರ್‌ಗಳದ್ದೇ ದೊಡ್ಡದು! ಹಾಗಾದ್ರೆ ಕಾಪಾಡಿದ್ದು ಮೆಟ್ಟಿಲಾ, ಹುಟ್ಟಿನಿಂದ ಬಂದ ಮೈಕಟ್ಟಾ?

ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ರಾಲ್ಫ್ ಪ್ಯಾಫೆನ್‌ಬಾರ್ಗರ್ ಅನ್ನೋ ಡಾಕ್ಟರು 1916ರಿಂದ 1950ರ ನಡುವೆ ಅಲ್ಲಿ ಓದೋಕೆ ಸೇರಿದ್ದ 16,936 ಗಂಡಸರನ್ನ ಹಿಡಿದ್ರು. ಕಾಲೇಜಿನಲ್ಲಿ ಯಾರು ಆಟಗಾರರು ಅನ್ನೋ ದಾಖಲೆ ಇತ್ತು. 1960ರ ದಶಕದಲ್ಲಿ ಅವರಿಗೆಲ್ಲ ಅಂಚೆಯಲ್ಲಿ ಪ್ರಶ್ನೆ ಕಳಿಸಿದ್ರು: ಈಗ ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀರಿ, ಎಷ್ಟು ನಡೀತೀರಿ, ಏನು ಆಡ್ತೀರಿ?

1978ರಲ್ಲಿ ಫಲಿತಾಂಶ ಬಂತು. ವಾರಕ್ಕೆ 2,000 ಕ್ಯಾಲೊರಿಗಿಂತ ಕಮ್ಮಿ ಖರ್ಚು ಮಾಡೋರಿಗೆ ಹಾರ್ಟ್ ಅಟ್ಯಾಕ್ ಅಪಾಯ ಶೇ. 64ರಷ್ಟು ಹೆಚ್ಚು. ಅಷ್ಟು ಕ್ಯಾಲೊರಿ ಅಂದ್ರೆ ಸುಮಾರು 30 ಕಿಲೋಮೀಟರ್ ನಡೆದಷ್ಟು. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದು: ಕಾಲೇಜಿನ ಚಾಂಪಿಯನ್ ಆಮೇಲೆ ಕುರ್ಚಿಗೆ ಅಂಟಿದ್ರೆ, ಹಳೇ ಕಪ್ಪು, ಪದಕ ಅವನನ್ನ ಕಾಯಲಿಲ್ಲ. ಕಾಲೇಜಿನಲ್ಲಿ ಯಾವ ಆಟವನ್ನೂ ಆಡದೆ, ಆಮೇಲೆ ಓಡಾಡೋದು ರೂಢಿ ಮಾಡಿಕೊಂಡೋನಿಗೆ ರಕ್ಷಣೆ ಸಿಕ್ತು.

ಆ ಲೆಕ್ಕದಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಆ ಕೊರತೆ ತುಂಬಿದವರು ನನ್ನ ವೃತ್ತಿಯವರೇ. 1976ರಲ್ಲಿ ಅಮೆರಿಕದಲ್ಲಿ ಶುರುವಾದ ಅಧ್ಯಯನದಲ್ಲಿ 1,20,000ಕ್ಕೂ ಹೆಚ್ಚು ನರ್ಸ್‌ಗಳಿದ್ರು. ಚುರುಕಾಗಿ ನಡೆಯೋರಿಗೆ ಹೃದಯದ ಕಾಯಿಲೆ ಕಮ್ಮಿ ಅಂತ 1999ರಲ್ಲಿ ಅದರಿಂದ ಗೊತ್ತಾಯ್ತು. ಅದಕ್ಕೇ ಅಮ್ಮ, ಅತ್ತೆ, ಚಿಕ್ಕಮ್ಮ, ಇದು ನಿಮಗೂ ಸೇರಿದ್ದು. “ಮನೆಕೆಲಸ ಮಾಡ್ತೀನಲ್ಲ, ಸಾಕು” ಅಂತ ತಪ್ಪಿಸ್ಕೋಬೇಡಿ.

ವಾರ್ಡಿನಲ್ಲಿ ಎದೆಗೆ ಇಸಿಜಿ ತಂತಿ ಹಚ್ಚೋವಾಗ ಎಷ್ಟೋ ಜನ “ಯೂನಿವರ್ಸಿಟಿ ಟೀಮಲ್ಲಿ ಫುಟ್ಬಾಲ್ ಆಡ್ತಿದ್ದೆ, ನನಗ್ಯಾಕೆ ಹೀಗಾಯ್ತು?” ಅಂತ ಕೇಳ್ತಾರೆ. ನಮ್ಮೂರಲ್ಲಿ ಫುಟ್ಬಾಲ್ ಬದಲು ಕಬಡ್ಡಿ, ಅಷ್ಟೇ ವ್ಯತ್ಯಾಸ.

ಪ್ಯಾಫೆನ್‌ಬಾರ್ಗರ್ ತಾವೂ ನಲವತ್ತು ದಾಟಿದ ಮೇಲೆ ಓಡೋಕೆ ಶುರುಮಾಡಿ ಮ್ಯಾರಥಾನ್ ಓಡಿದ್ರು. ಮಾರಿಸ್ 99 ವರ್ಷ ಬದುಕಿದ್ರು. ನಿಮ್ಮಲ್ಲಿ ಬಹಳ ಜನಕ್ಕೆ ಈಗ ಅದೇ ನಲವತ್ತು, ಐವತ್ತು. ಇವತ್ತು ಸಂಜೆ ಬಜಾರಿಗೆ ಬೈಕ್ ಬಿಟ್ಟು ನಡೆದು ಹೋಗಿ. ನಡೆಯುವಾಗ ಎದೆ ಬಿಗಿದ್ರೆ ಮಾತ್ರ ನಿಲ್ಲಿಸಿ, ತಡಮಾಡದೆ ಡಾಕ್ಟರಿಗೆ ತೋರಿಸಿ.